ಕೊನೆಯ ತಾರೀಖು ದಾಟಿದ ಮೇಲೆ

ಸಿರುಗುಪ್ಪ ತಾಲ್ಲೂಕಿನ ಇಬ್ಬರು ಮೇಷ್ಟ್ರುಗಳನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಒಂದೇ ಅಧಿಸೂಚನೆಯ ಮೇಲೆ ಅರ್ಜಿ ಹಾಕಿದವರು. ಒಬ್ಬರು 2006ರ ಮಾರ್ಚ್‌ನಲ್ಲಿ ಕೆಲಸಕ್ಕೆ ಸೇರಿದರು. ಇನ್ನೊಬ್ಬರ ಕಡತ ಯಾವುದೋ ಮೇಜಿನ ಮೇಲೆ ಮಲಗಿದ್ದು ಏಪ್ರಿಲ್‌ನಲ್ಲಿ ಎದ್ದಿತು. ರಾಜ್ಯ ಸರ್ಕಾರ ಹೊಸ ಪಿಂಚಣಿ ಯೋಜನೆಯನ್ನು ಜಾರಿಗೆ ತಂದದ್ದು 2006ರ ಏಪ್ರಿಲ್ 1ರಿಂದ. ಹೀಗಾಗಿ ಮೊದಲನೆಯವರಿಗೆ ಪೂರ್ಣ ಸೇವೆಯ ನಂತರ ಕಡೆಯ ಮೂಲವೇತನದ ಅರ್ಧದಷ್ಟು ನಿವೃತ್ತಿ ವೇತನ, ಮೇಲೆ ತುಟ್ಟಿಭತ್ಯೆ. ಎರಡನೆಯವರ ಸಂಬಳದಿಂದ ತಿಂಗಳು ತಿಂಗಳೂ ಶೇಕಡಾ 10 ಕಡಿತ. ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಆದರೆ ಕೊನೆಗೆ ಕೈಗೆ ಬರುವುದೆಷ್ಟೆಂಬುದು ಮಾರುಕಟ್ಟೆಯ ಮರ್ಜಿ.

2024ರ ಜನವರಿಯಲ್ಲಿ ಸರ್ಕಾರ ಈ ಅನ್ಯಾಯವನ್ನು ಒಪ್ಪಿಕೊಂಡಿತೆನ್ನಬೇಕು. 2006ರ ಏಪ್ರಿಲ್‌ಗೆ ಮುಂಚಿನ ಅಧಿಸೂಚನೆಗಳಿಂದ ಆಯ್ಕೆಯಾಗಿ ತಡವಾಗಿ ಸೇರಿದ ಸುಮಾರು 13,000 ನೌಕರರು ಹಳೆಯ ಯೋಜನೆಗೆ ಮರಳಬಹುದೆಂದು ಆದೇಶ ಬಂತು. ಅಭಿಮತ ಕೊಡಲು ಜೂನ್ 30ರ ಗಡುವು. ಅವಕಾಶ ಒಂದೇ ಬಾರಿ. ಬಾಯಿ ಬಿಡದವರು ಇದ್ದಲ್ಲೇ ಉಳಿದರು.

1987ರಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಭವಿಷ್ಯನಿಧಿಯಲ್ಲಿದ್ದ ಕೇಂದ್ರ ನೌಕರರ ಬಗ್ಗೆ ಆ ವರ್ಷದ ಮೇ 1ರಂದು ಹೊರಟ ಆದೇಶ, ಸೆಪ್ಟೆಂಬರ್ 30ರೊಳಗೆ 'ನನಗೆ ಭವಿಷ್ಯನಿಧಿಯೇ ಸಾಕು' ಎಂದು ಬರೆದುಕೊಡದವರನ್ನೆಲ್ಲ ಪಿಂಚಣಿಗೆ ಸೇರಿದವರೆಂದೇ ಭಾವಿಸಿತು. ಅಲ್ಲಿ ಮೌನ ನೌಕರನ ಪರ. ಸುತ್ತೋಲೆಗಳು ನಿಧಾನವಾಗಿ ತಲುಪುವ ನಮ್ಮಂಥ ಊರುಗಳಿಗೆ ಇದೇ ಸರಿಯಾದ ಕ್ರಮವೆಂದು ನನಗೆ ಕಾಣುತ್ತದೆ. ಸುದ್ದಿ ಮುಟ್ಟದವನು ಏನು ಬರೆದಾನು?

ಹಾಗಾದರೆ ಗಡುವು ದಾಟಿದವನಿಗೆ ಹಕ್ಕೇ ಇಲ್ಲವೆ? ರೈಲ್ವೆಯವರ ಕಥೆ ನೋಡಿ. ಅಲ್ಲಿ 1957ರಲ್ಲಿ ಪಿಂಚಣಿ ಬಂತು. ಭವಿಷ್ಯನಿಧಿಯವರು ಅತ್ತ ಹೊರಳಲು ಹಲವು ಬಾರಿ ಅವಕಾಶವೂ ಸಿಕ್ಕಿತು. ನಿಧಿಯ ಹಣ ಪಡೆದು ನಿವೃತ್ತರಾದವರು ಮುಂದೆ ತಮಗೂ ಪಿಂಚಣಿ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ಅವರ ಕೈಯಲ್ಲಿದ್ದ ಅಸ್ತ್ರ 1982ರ ನಕಾರಾ ಪ್ರಕರಣದ ತೀರ್ಪು: ಪಿಂಚಣಿದಾರರನ್ನು ಬರೀ ನಿವೃತ್ತಿಯ ತಾರೀಖಿನಿಂದ ಎರಡು ಪಂಗಡ ಮಾಡಕೂಡದು. ಆದರೆ 1990ರಲ್ಲಿ, ಕೃಷ್ಣಕುಮಾರ್ ಪ್ರಕರಣದಲ್ಲಿ, ಸಂವಿಧಾನ ಪೀಠ ಒಪ್ಪಲಿಲ್ಲ. ಪಿಂಚಣಿದಾರನ ಬಗೆಗಿನ ಹೊಣೆ ಅವನ ಜೀವಮಾನವಿಡೀ ನಡೆಯುತ್ತದೆ, ನಿಧಿಯವನ ಲೆಕ್ಕ ನಿವೃತ್ತಿಯ ದಿನವೇ ಚುಕ್ತಾ. ಇಬ್ಬರೂ ಒಂದೇ ವರ್ಗವಲ್ಲ ಎಂದಿತು.

ಕಾರ್ಖಾನೆ, ಗಿರಣಿಗಳ ನೌಕರರಿಗೆ ಅನ್ವಯಿಸುವ 1995ರ ಪಿಂಚಣಿ ಯೋಜನೆಯಲ್ಲೂ ಇದೇ ಗೆರೆ ಕಾಣುತ್ತದೆ. ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟಿ ಹೆಚ್ಚಿನ ಪಿಂಚಣಿ ಪಡೆಯುವ ಆಯ್ಕೆಯ ಗಡುವಿನ ಬಗ್ಗೆ ಗೊಂದಲವಿತ್ತೆಂದು ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಇನ್ನೂ ನಾಲ್ಕು ತಿಂಗಳು ಕೊಟ್ಟಿತು. ಭವಿಷ್ಯನಿಧಿ ಸಂಸ್ಥೆ ಅದನ್ನು ಎಳೆದೆಳೆದು 2023ರ ಜುಲೈ 11ರವರೆಗೆ ಒಯ್ದಿತು. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮುಂಚೆಯೇ, ಆಯ್ಕೆ ಬರೆದುಕೊಡದೆ ನಿವೃತ್ತರಾದವರಿಗೆ ಆ ನಾಲ್ಕು ತಿಂಗಳೂ ಸಿಗಲಿಲ್ಲ.