ಕೊನೆಯ ತಟ್ಟೆಯ ನಾರು

ನಾರಿನಂಶ ತಿಂದರೆ ತೂಕ ಇಳಿಯುತ್ತದೆ ಎಂಬ ಮಾತು ಈಗ ಬಿಸ್ಕತ್ತಿನ ಪೊಟ್ಟಣದ ಮೇಲೂ ಅಚ್ಚಾಗಿದೆ. ಮಾತಿನಲ್ಲಿ ನಿಜವಿದೆ, ಆದರೆ ಅದು ಹೇಗೆ ಇಳಿಸುತ್ತದೆ ಎಂಬುದನ್ನು ಬಿಟ್ಟು ಹೇಳಿದರೆ ದಾರಿ ತಪ್ಪಿಸುತ್ತದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಲ್ಯಾರಿ ಟಕರ್ ಮತ್ತು ಕ್ಯಾಥರಿನ್ ಥಾಮಸ್ 252 ಮಹಿಳೆಯರನ್ನು 20 ತಿಂಗಳ ಕಾಲ ಗಮನಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿ 1000 ಕ್ಯಾಲೊರಿ ಆಹಾರದಲ್ಲಿ ನಾರು 1 ಗ್ರಾಂ ಹೆಚ್ಚಾದರೆ ತೂಕ ಸರಾಸರಿ ಕಾಲು ಕಿಲೋ ಇಳಿದಿತ್ತು. ಇದರ ಬಹುಪಾಲಿಗೆ ಕಾರಣ, ಆ ಮಹಿಳೆಯರು ಒಟ್ಟಾರೆ ಕಡಿಮೆ ಕ್ಯಾಲೊರಿ ತಿಂದದ್ದು. ನನಗೆ ಮುಖ್ಯವಾಗಿ ಕಾಣುವುದು ಇದೇ. ನಾರು ಕೊಬ್ಬನ್ನು ಕರಗಿಸುವ ಮದ್ದಲ್ಲ, ಬೇರೆ ತಿನಿಸಿನ ಜಾಗವನ್ನು ಅದು ಹಿಡಿಯುತ್ತದೆ.

ಒಂದು ಚಮಚ ಮೆಂತ್ಯವನ್ನು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಕಾಳು ಉಬ್ಬಿರುತ್ತದೆ, ನೀರು ಲೋಳೆಯಾಗಿ ಬೆರಳಿಗೆ ಹತ್ತುತ್ತದೆ. ಕರಗುವ ನಾರು ಹೊಟ್ಟೆಯೊಳಗೂ ಹೀಗೇ ಲೋಳೆಗಟ್ಟಿ, ಊಟ ಬೇಗ ಕೆಳಗಿಳಿಯದಂತೆ ತಡೆಯುತ್ತದೆ. ತವಡು, ಸಿಪ್ಪೆಗಳಲ್ಲಿನ ಕರಗದ ನಾರು ಕ್ಯಾಲೊರಿ ಹೆಚ್ಚಿಸದೆ ಊಟದ ಗಾತ್ರ ಹೆಚ್ಚಿಸುತ್ತದೆ. ಹಾಗಾಗಿ ಅನ್ನ ಇದ್ದಷ್ಟೇ ಇದ್ದು, ಮೇಲೊಂದು ಚಮಚ ನಾರಿನ ಪುಡಿ ಕುಡಿದರೆ ಹೆಚ್ಚು ಫಲ ಕಾಣುವುದಿಲ್ಲ.

ನಾರು ಹೆಚ್ಚು ತಿನ್ನುವವರು ಮೊದಲೇ ಆರೋಗ್ಯದ ಕಾಳಜಿ ಇರುವವರು, ಅವರ ತೂಕ ಹೇಗೂ ಏರುವುದಿಲ್ಲ ಎಂಬ ಆಕ್ಷೇಪವಿದೆ. ಸರಿಯಾದ ಆಕ್ಷೇಪವೇ. ಅಮೆರಿಕದ 74,000ಕ್ಕೂ ಹೆಚ್ಚು ದಾದಿಯರನ್ನು 12 ವರ್ಷ ಗಮನಿಸಿದ ಅಧ್ಯಯನದಲ್ಲಿ, ನಾರನ್ನು ಅತಿ ಹೆಚ್ಚು ಹೆಚ್ಚಿಸಿಕೊಂಡವರಿಗೆ ತೂಕ ವಿಪರೀತ ಏರುವ ಅಪಾಯ 49% ಕಡಿಮೆಯಿತ್ತು. ವ್ಯಾಯಾಮ, ಧೂಮಪಾನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇಂಥ ಗಮನಿಕೆಯಲ್ಲಿ ಅನುಮಾನ ಪೂರ್ತಿ ಹೋಗದು. ಅದಕ್ಕೇ 2015ರಲ್ಲಿ ಪ್ರಕಟವಾದ ಮ್ಯಾಸಚೂಸೆಟ್ಸ್‌ನ ಪ್ರಯೋಗಕ್ಕೆ ಹೆಚ್ಚು ಬೆಲೆ. ಚೀಟಿ ಎತ್ತಿದಂತೆ 240 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ನಾರು ತಿನ್ನಿ ಎಂದಷ್ಟೇ ಹೇಳಲಾಯಿತು. ವರ್ಷದಲ್ಲಿ ಅವರು ಸರಾಸರಿ 2.1 ಕಿಲೋ ಇಳಿದರು. ಹತ್ತಾರು ನಿಯಮಗಳ ಪಥ್ಯದವರು 2.7 ಕಿಲೋ. ಇಳಿಕೆ ಸಣ್ಣದು, ನಿಜ. ಆದರೆ ನಡುವಯಸ್ಸಿನ ಹೆಂಗಸರಿಗೆ ತೂಕ ಏರುವುದೂ ವರ್ಷಕ್ಕೆ ಇಷ್ಟಿಷ್ಟೇ.

ನಮ್ಮ ಊಟದಲ್ಲಿ ನಾರಿಗೇನು ಕೊರತೆ ಎನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಮುದ್ದೆಯ ಜಾಗಕ್ಕೆ ಅನ್ನ ಬಂದ ಮನೆಯಲ್ಲಿ, ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡು ಚೆಲ್ಲುವ ಮನೆಯಲ್ಲಿ, ಆ ಹೆಮ್ಮೆ ಹಳೆಯ ಲೆಕ್ಕ. ಇನ್ನೊಂದು ಸಂಗತಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅನೇಕ ಮನೆಗಳಲ್ಲಿ ಅಡುಗೆ ಮಾಡಿದವಳು ಕೊನೆಗೆ ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಯದ ಬಾಣಲೆ ಬರಿದು, ಸಾರಿನ ಕಾಳು ಸೌಟಿಗೆ ಸಿಕ್ಕಿ ಮೊದಲೇ ಹೋಗಿರುತ್ತದೆ. ಉಳಿಯುವುದು ಅನ್ನ, ಮೇಲಿನ ತಿಳಿ. ಅವಳಿಗೆ ನಾರಿನ ಪಾಠ ಹೇಳುವ ಮೊದಲು ಪಲ್ಯ ಅವಳ ಪಾಲಿಗೂ ಆಗುವಷ್ಟು ಇದೆಯೇ ನೋಡಬೇಕು. ಟಕರ್ ಅವರ ಲೆಕ್ಕದ 1 ಗ್ರಾಂ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವಳಿಗೆ 2 ಗ್ರಾಂ ಆಗುತ್ತದೆ. ನೆನೆಹಾಕುವ ಮುಂಚಿನ ಅರ್ಧ ಹಿಡಿ ಹೆಸರುಕಾಳಿನಲ್ಲಿ ಅಷ್ಟಿದೆ.