ಕಣ್ಣು ಮುಚ್ಚಿ ಮಾಡುವ ಅಭ್ಯಾಸ

ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತ ಕನಸು ಕಾಣುವ ಹುಡುಗಿಯರನ್ನು ಇಪ್ಪತ್ತು ವರ್ಷಗಳಿಂದ ಗದರಿಸುತ್ತ ಬಂದವಳು ನಾನು. ಅಂಥ ನಾನೇ ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಶಾಲೆಯ ಪಡಸಾಲೆಯಲ್ಲಿ ಕುಳ್ಳಿರಿಸಿ, "ಕಣ್ಣು ಮುಚ್ಚು, ಇನ್ನು ನೀರಿಗಿಳಿ" ಎಂದು ಹೇಳಬೇಕಾಯಿತು. ಇದರ ಕಾರಣವನ್ನು ಪಾಲಕರಿಗೆ ತಿಳಿಸುವುದು ಯುಕ್ತವೆಂದು ತೋರುತ್ತದೆ.

ಅವಳು ಕೈಕೊಂಡದ್ದು ಟ್ರಯಥ್ಲಾನ್ ಎಂಬ ಸ್ಪರ್ಧೆ. ಈಜು, ಸಾಯಕಲ್ ಸವಾರಿ, ಓಟ ಇವು ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದು ಮಾಡತಕ್ಕದ್ದು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಇದು ಮೊದಲ ಬಾರಿಗೆ ಸೇರಿತು. ಅಲ್ಲಿಯ ಅಳತೆ 1.5 ಕಿ.ಮೀ. ಈಜು, 40 ಕಿ.ಮೀ. ಸಾಯಕಲ್, 10 ಕಿ.ಮೀ. ಓಟ. ನಮ್ಮವಳದು ಅದರ ಅರ್ಧ. ಬೆಂಗಳೂರಿನ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದಲ್ಲಿ ಮೂರು ದಿನಗಳಲ್ಲಿ 10 ಕಿ.ಮೀ. ಈಜಿ, 420 ಕಿ.ಮೀ. ಸಾಯಕಲ್ ತುಳಿದು, 84 ಕಿ.ಮೀ. ಓಡಿದರೆಂದು ಓದಿ ಈ ಹುಚ್ಚು ಹಿಡಿಯಿತಂತೆ.

ಸಾಯಕಲ್ಲಿಗೂ ಓಟಕ್ಕೂ ಅವಳು ಅಂಜುವವಳಲ್ಲ. ಅಂಜಿಕೆ ನೀರಿನದು. ಮಳಗಿಯಲ್ಲಿ ಧರ್ಮಾ ಜಲಾಶಯವಿದ್ದರೂ ನಮ್ಮ ಹೆಣ್ಣು ಮಕ್ಕಳಿಗೆ ಅದು ದಂಡೆಯ ಮೇಲೆ ನಿಂತು ನೋಡುವ ನೀರು. ಇಳಿಯಬಾರದೆಂದು ಕಟ್ಟಪ್ಪಣೆ ಮಾಡಿದವರಲ್ಲಿ ನಾನೂ ಒಬ್ಬಳು. ದೊಡ್ಡವಳಾದ ಮೇಲೆ ಪಟ್ಟಣದ ಕೊಳದಲ್ಲಿ ಈಜು ಕಲಿತಳು. ಮೊದಲ ಸ್ಪರ್ಧೆಯಲ್ಲಿ ಯಾರದೋ ಮೊಣಕೈ ತಾಗಿ, ಕನ್ನಡಕದೊಳಗೆ ನೀರು ನುಗ್ಗಿ, ಉಸಿರು ಕಟ್ಟಿದಂತಾಗಿ, ದೋಣಿಯಲ್ಲಿ ದಂಡೆಗೆ ಬಂದಳು.

ಮನಸ್ಸಿನಲ್ಲಿ ಚಲನೆಯನ್ನು ಚಿತ್ರಿಸಿಕೊಳ್ಳುವುದು ಬರಿಯ ಹಗಲುಗನಸಲ್ಲ. ತೋಳನ್ನು ಮಡಿಸುವಂತೆ ಕಲ್ಪಿಸಿಕೊಂಡ ಮಾತ್ರದಿಂದಲೇ ಆ ತೋಳಿನ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಕಾಣಿಸಿಕೊಳ್ಳುವುದೆಂದು ಎಡ್ಮಂಡ್ ಜೇಕಬ್ಸನ್ 1930ರ ಸುಮಾರಿಗೆ ಅಳೆದು ತೋರಿಸಿದರು. ಆದರೆ ಚಿತ್ರಿಸಿಕೊಳ್ಳತಕ್ಕದ್ದು ಪದಕವನ್ನಲ್ಲ, ಕೆಲಸವನ್ನು. ಅದಕ್ಕಿಂತಲೂ ಮುಖ್ಯವಾಗಿ ಕೆಲಸ ಕೆಡುವ ಗಳಿಗೆಯನ್ನು. ಅಮೇರಿಕದ ಮೈಕೇಲ್ ಫೆಲ್ಪ್ಸ್ ರಾತ್ರಿ ಮಲಗುವಾಗ ಸ್ಪರ್ಧೆಯನ್ನೆಲ್ಲ ಮನಸ್ಸಿನಲ್ಲಿ ಈಜುತ್ತಿದ್ದರು, ಒದಗಬಹುದಾದ ತೊಂದರೆಗಳನ್ನೂ ಸೇರಿಸಿ. 2008ರಲ್ಲಿ ಬೀಜಿಂಗಿನ 200 ಮೀಟರ್ ಚಿಟ್ಟೆಯೀಜಿನಲ್ಲಿ ಅವರ ಕನ್ನಡಕ ನಿಜವಾಗಿಯೂ ನೀರಿನಿಂದ ತುಂಬಿತು. ಕಣ್ಣು ಕಾಣದೆ, ಕೈಬೀಸುಗಳನ್ನು ಎಣಿಸುತ್ತ ಹೋಗಿ, 1 ನಿಮಿಷ 52.03 ಸೆಕೆಂಡಿನಲ್ಲಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು.

ನಾವೂ ಹಾಗೆಯೇ ಮಾಡಿದೆವು. ಈಜುಡುಪು ತೊಟ್ಟು, ಬರಿಗಾಲಲ್ಲಿ ನಿಂತು, ಗಡಿಯಾರವಿಟ್ಟು, ನಿಜವಾಗಿ ತಗಲುವಷ್ಟೇ ಹೊತ್ತು. ನೀರಿನ ತಣುಪು, ಕೆಸರಿನ ವಾಸನೆ, ಮೊಣಕೈಯ ಪೆಟ್ಟು. ಒಡನೆ ಬೆನ್ನ ಮೇಲೆ ಹೊರಳುವುದು, ಮೂರು ಉಸಿರು, ಮತ್ತೆ ಮುಂದಕ್ಕೆ. ಮೊದಲ ವಾರ ಕುಳಿತಲ್ಲಿಯೇ ಅವಳ ಕೈ ನಡುಗುತ್ತಿತ್ತು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಾನು ಬಿಡುತ್ತಿರಲಿಲ್ಲ, ಮನಸ್ಸೂ ದಣಿಯುತ್ತದೆ.

ಇದು ನೀರಿಗೆ ಬದಲಲ್ಲವೆಂಬುದನ್ನು ಪಾಲಕರು ಲಕ್ಷ್ಯದಲ್ಲಿಡಬೇಕು. ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪರಿಶೀಲಿಸಿದಾಗಲೂ, ಮಾನಸಿಕ ಅಭ್ಯಾಸದಿಂದ ಪ್ರಯೋಜನವುಂಟು, ಆದರೆ ಅದು ದೇಹದಿಂದ ಮಾಡಿದ ಅಭ್ಯಾಸಕ್ಕೆ ಸಮನಲ್ಲವೆಂದೇ ಕಂಡುಬಂದಿತು. ವಾರಕ್ಕೆ ಮೂರು ಸಲ ಅವಳು ಶಿಕ್ಷಕಿಯೊಡನೆ ಕೊಳಕ್ಕಿಳಿಯದಿದ್ದರೆ ನಾನು ಪಡಸಾಲೆಗೆ ಕರೆಯುತ್ತಲೇ ಇರಲಿಲ್ಲ.

ಎರಡನೆಯ ಸ್ಪರ್ಧೆಯಲ್ಲಿ ಪೆಟ್ಟು ಬಿದ್ದಿತು. ಅವಳು ಹೊರಳಿದಳು, ಉಸಿರಾಡಿದಳು, ದಡ ಮುಟ್ಟಿದಳು. ಕೆಟ್ಟದ್ದು ಬೇರೆಡೆಯಲ್ಲಿ. ಶಿರಸ್ತ್ರಾಣದ ಪಟ್ಟಿ ಬಿಗಿಯದೆ ಸಾಯಕಲ್ಲನ್ನು ಮುಟ್ಟಕೂಡದೆಂದು ನಿಯಮವಿದೆ; ಒದ್ದೆ ಬೆರಳುಗಳಿಗೆ ಆ ಗುಂಡಿ ಸಿಕ್ಕಲೇ ಇಲ್ಲ. ನಾವಿಬ್ಬರೂ ಅದನ್ನು ಕಲ್ಪಿಸಿಕೊಂಡಿರಲಿಲ್ಲ. ಈಗ ಪಡಸಾಲೆಯಲ್ಲಿ ಒಂದು ಬಕೆಟ್ಟು ನೀರೂ ಒಂದು ಶಿರಸ್ತ್ರಾಣವೂ ಇವೆ.