ಕೇರಿಯಿಂದ ಕಾಲೊನಿಗೆ: ಕಾರವಾರ–ಅಂಕೋಲೆಗಳ ವಸತಿಪರಿವರ್ತನೆಯೂ ಸ್ಥಳನಾಮಗಳ ಸಾಕ್ಷ್ಯವೂ

೧

ಪಟ್ಟಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಬಂದರು, ಕಚೇರಿ, ದೇವಾಲಯ ಇವುಗಳಿಂದಲೇ ತೊಡಗುವರು. ಶಾಸನ, ದಫ್ತರ, ಪ್ರವಾಸಿಗಳ ಬರಹ ಮೊದಲಾದ ಸಾಧನಗಳು ಹೇರಳವಾಗಿ ದೊರೆಯುವದೂ ಅವುಗಳ ವಿಷಯದಲ್ಲಿಯೇ. ಆದರೆ ಪಟ್ಟಣವೆಂಬುದು ಮುಖ್ಯವಾಗಿ ಜನರು ಮನೆ ಕಟ್ಟಿಕೊಂಡು ಬಾಳಿದ ಕೇರಿಗಳ ಸಮುದಾಯ. ಆ ಕೇರಿಗಳಿಗೆ ಶಾಸನವನ್ನು ಯಾರೂ ಹಾಕಿಸಲಿಲ್ಲ. ಅವುಗಳ ಹಳೆಯ ಸ್ಥಿತಿಯನ್ನು ಕುರಿತು ಉಳಿದುಬಂದಿರುವ ಸಾಕ್ಷ್ಯವು ಬಹುಮಟ್ಟಿಗೆ ಒಂದೇ. ಅದು ಅವುಗಳ ಹೆಸರು. ಸ್ಥಳನಾಮಗಳಿಂದ ನಾಡಿನ ಹಿಂದಣ ಕಥೆಯನ್ನು ತಿಳಿಯಬಹುದೆಂಬುದನ್ನು ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಗ್ರಂಥದಲ್ಲಿ ತೋರಿಸಿಕೊಟ್ಟಿರುವರು. ನಾಡಿಗೆ ಸಲ್ಲುವ ಆ ಕ್ರಮವು ಒಂದು ಪಟ್ಟಣದ ಒಳಗಣ ವಸತಿಗೂ ಸಲ್ಲುವದು.

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ಪಟ್ಟಣಕ್ಕೆ ತಗಲಿಕೊಂಡೇ ಬೊಬ್ರುವಾಡವಿದೆ. ಆಡಳಿತದ ಕಾಗದಗಳಲ್ಲಿ ಅದು ಗ್ರಾಮ ಪಂಚಾಯತಿ. ನಿತ್ಯಜೀವನದಲ್ಲಿ ಪಟ್ಟಣದ ಒಂದು ಅಂಗ. ಅಲ್ಲಿಯ ಜನರಿಗೆ ಸಂತೆ, ಶಾಲೆ, ಆಸ್ಪತ್ರೆ, ನಿಲ್ದಾಣಗಳೆಲ್ಲವೂ ಅಂಕೋಲೆಯವೇ. ಪಟ್ಟಣದ ಎಲ್ಲೆ ಎಲ್ಲಿ ಮುಗಿಯಿತು, ಹಳ್ಳಿಯ ಎಲ್ಲೆ ಎಲ್ಲಿ ತೊಡಗಿತು ಎಂಬುದನ್ನು ದಾರಿಹೋಕನು ಕಣ್ಣಿನಿಂದ ಅರಿಯಲಾರನು. ಹೀಗೆ ಗ್ರಾಮವೂ ಅಲ್ಲದ, ಪಟ್ಟಣವೂ ಅಲ್ಲದ ನೆಲವೇ ವಸತಿಯ ಪರಿವರ್ತನೆಯನ್ನು ಅಭ್ಯಾಸ ಮಾಡಲು ತಕ್ಕ ಸ್ಥಾನ. ಕಾರವಾರ–ಅಂಕೋಲೆಗಳ ನಡುವಣ ಈ ಕಡಲತಡಿಯಲ್ಲಿ ಕಳೆದ ನೂರಅರವತ್ತು ವರ್ಷಗಳಲ್ಲಿ ನಡೆದ ಮಾರ್ಪಾಟುಗಳನ್ನು ಹೆಸರುಗಳ ಬೆಳಕಿನಲ್ಲಿ ವಿವೇಚಿಸುವದೇ ಪ್ರಸ್ತುತ ಲೇಖನದ ಉದ್ದೇಶ.

೨

ಈ ತಡಿಯ ಹೆಸರುಗಳನ್ನು ಉತ್ತರಪದಗಳ ಮೇಲಿಂದ ಕೆಲವು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ‘ಕೇರಿ’. ಅಂಕೋಲೆಯ ಸುತ್ತಲೂ ಅಲಗೇರಿ, ಶೆಟಗೇರಿ, ಪೂಜಗೇರಿ, ಭಾವಿಕೇರಿ, ಬೇಲೆಕೇರಿ, ಹೊನ್ನೆಕೇರಿ, ಬಡಗೇರಿ, ಕುಂಬಾರಕೇರಿ, ತೆಂಕಣಕೇರಿ ಎಂದು ಇವು ಹಬ್ಬಿಕೊಂಡಿವೆ. ‘ಕೇರಿ’ಯು ತಮಿಳಿನ ‘ಚೇರಿ’ಯೊಡನೆ ಸಂಬಂಧವುಳ್ಳ ದ್ರಾವಿಡ ಶಬ್ದ; ಒತ್ತಾಗಿ ಸೇರಿದ ಮನೆಗಳ ಸಾಲು ಎಂಬುದು ಅದರ ರೂಢಿಯ ಅರ್ಥ. ಎರಡನೆಯದು ‘ವಾಡ’. ಬೊಬ್ರುವಾಡ, ಹಾರವಾಡ, ಕಾರವಾರದ ಹಬ್ಬುವಾಡ, ಸೋನಾರವಾಡ, ಶಿರವಾಡ, ಕದವಾಡ ಇವು ಈ ವರ್ಗದವು. ಸಂಸ್ಕೃತದ ‘ವಾಟ’, ಎಂದರೆ ಬೇಲಿಯಿಂದ ಸುತ್ತುವರಿದ ಆವರಣ, ಇದರ ಮೂಲ. ಕೊಂಕಣಿಯಲ್ಲಿ ಇದೇ ‘ವಾಡೊ’ ಆಗಿದೆ.

ಈ ಎರಡು ವರ್ಗಗಳ ಹಂಚಿಕೆಯು ಗಮನಾರ್ಹವಾದದ್ದು. ಕನ್ನಡವು ಮನೆಮಾತಾಗಿ ಬಲವಾಗಿರುವ ಅಂಕೋಲೆಯ ಕಡೆಗೆ ಕೇರಿಗಳು ಹೆಚ್ಚು. ಕೊಂಕಣಿಯು ಬಲವಾಗಿರುವ ಕಾರವಾರದ ಕಡೆಗೆ ವಾಡಗಳು ಹೆಚ್ಚು. ಆದರೆ ನಡುವೆ ಗೆರೆ ಎಳೆಯುವಂತಿಲ್ಲ. ಕಾರವಾರದಲ್ಲಿ ಸುಂಕೇರಿ ಇದೆ; ಅಂಕೋಲೆಗೆ ಅಂಟಿಕೊಂಡು ಬೊಬ್ರುವಾಡವಿದೆ. ಕಾರವಾರದ ನಂದನಗದ್ದಾ ಎಂಬ ಹೆಸರಿನಲ್ಲಿ ಕನ್ನಡದ ‘ಗದ್ದೆ’ಯು ಕೊಂಕಣಿಯ ಉಚ್ಚಾರವನ್ನು ಧರಿಸಿ ನಿಂತಿದೆ. ಭಾಷೆಗಳು ಇಲ್ಲಿ ಎದುರುಬದುರಾಗಿ ನಿಂತವುಗಳಲ್ಲ, ಒಂದೇ ಅಂಗಳವನ್ನು ಹಂಚಿಕೊಂಡವುಗಳು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಲಾರದು.

ಮೂರನೆಯ ವರ್ಗವು ನೆಲದ ಸ್ವರೂಪವನ್ನು ಹೇಳುವದು. ಕೋಡಿಬಾಗದ ‘ಕೋಡಿ’ಯು ಕರಾವಳಿಯ ಕನ್ನಡದಲ್ಲಿ ನದಿಯು ಕಡಲನ್ನು ಕೂಡುವಲ್ಲಿಯ ಮರಳದಂಡೆಯ ತುದಿ; ಕಾಳೀನದಿಯ ಅಳಿವೆಯ ಬಳಿ ಇರುವ ಆ ಕೇರಿಗೆ ಹೆಸರು ಯಥಾರ್ಥವಾಗಿದೆ. ಕಾಜುಬಾಗದಲ್ಲಿ ಗೇರುತೋಟದ, ಅಂಬಾರಕೊಡ್ಲದಲ್ಲಿ ಗದ್ದೆಬಯಲಿನ ನೆನಪು ಉಳಿದಂತೆ ತೋರುವದು. ಅಂಕೋಲೆಯ ನದಿಬಾಗದ ಹೆಸರು ತಾನೇ ತನ್ನನ್ನು ವಿವರಿಸುವದು. ನಾಲ್ಕನೆಯ ವರ್ಗವು ಕಸಬು ಅಥವಾ ಕುಲವನ್ನು ಸೂಚಿಸುವದು: ಸೋನಾರವಾಡ ಅಕ್ಕಸಾಲಿಗರದು, ಕುಂಬಾರಕೇರಿ ಕುಂಬಾರರದು, ಗಾಬಿತಕೇಣಿ ಮೀನುಗಾರರಾದ ಗಾಬಿತರದು.

ತೆಂಕಣಕೇರಿಯಂಥ ದಿಕ್ಕಿನ ಹೆಸರುಗಳು ಇನ್ನೊಂದು ವಿಷಯವನ್ನು ತಿಳಿಸುವವು. ‘ತೆಂಕಣ’ವೆನ್ನಬೇಕಾದರೆ ಯಾವುದೋ ಒಂದು ನಡುವಿನಿಂದ ತೆಂಕಣ ದಿಕ್ಕಿನಲ್ಲಿರಬೇಕು. ಹೆಸರಿಟ್ಟ ಜನರ ಮನಸ್ಸಿನಲ್ಲಿ ಊರಿಗೆ ಒಂದು ಕೇಂದ್ರವಿತ್ತು. ಕೇರಿಗಳೆಲ್ಲವೂ ಅದರ ಸುತ್ತಲೂ ತಮ್ಮ ತಮ್ಮ ಸ್ಥಾನವನ್ನು ಅರಿತಿದ್ದವು. ಮುಂದಿನ ಪರಿವರ್ತನೆಗಳಲ್ಲಿ ಮೊದಲು ಚಲಿಸಿದ್ದು ಈ ಕೇಂದ್ರವೇ.

೩

ಕಾರವಾರದ ಉದಾಹರಣೆಯು ಇದನ್ನು ವಿಶದಪಡಿಸುವದು. ಇಂದಿನ ಕಾರವಾರದ ಹೆಸರೇ ಇಂದಿನ ನೆಲದ್ದಲ್ಲ. ‘ಕಡೆಯ ವಾಡ’ ಎಂಬುದರಿಂದ ಕದವಾಡವೂ ಅದರಿಂದ ಕಾರವಾರವೂ ಆದವೆಂದು ರೂಢಿಯಿದೆ. ಆ ಕದವಾಡವು ಕಾಳೀನದಿಯ ದಂಡೆಗೆ, ಕಡಲಿನಿಂದ ಒಳಗೆ ಇರುವ ಊರು. ೧೬೩೮ರಲ್ಲಿ ಕೋರ್ಟೀನನ ಇಂಗ್ಲಿಷ್ ವ್ಯಾಪಾರಸಂಘದವರು ಕೋಠಿ ತೆರೆದು ಮೆಣಸು, ನಯವಾದ ಅರಿವೆ ಇವುಗಳ ವ್ಯಾಪಾರ ನಡೆಸಿದ್ದು ಈ ಹಳೆಯ ನದೀಬಂದರದ ಕಾಲದಲ್ಲಿ. ಹೊಳೆಯೇ ಹೆದ್ದಾರಿಯಾಗಿದ್ದಾಗ ಊರು ಹೊಳೆಯ ದಂಡೆಯಲ್ಲಿರುವದು ಸಹಜ. ಸುಂಕೇರಿಯ ಹೆಸರು ‘ಸುಂಕ’ವನ್ನು ನೆನಪಿಗೆ ತರುವದೂ ಇದೇ ಹೊಳೆಯ ಅಂಚಿನಲ್ಲಿ.

ಕೇಂದ್ರವು ಕಡಲತಡಿಗೆ ಜರುಗಿದ ಕಾರಣವು ಬಹುದೂರದ್ದು. ೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ತೊಡಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅರಳೆ ಬಾರದಾಯಿತು. ಧಾರವಾಡ ಸೀಮೆಯ ಅರಳೆಯನ್ನು ಘಟ್ಟವಿಳಿಸಿ ಸಾಗಿಸಲು ಸದಾಶಿವಗಡದ ಕೊಲ್ಲಿಯೇ ಯೋಗ್ಯವೆಂದು ಅಲ್ಲಿಯ ವ್ಯಾಪಾರಿಗಳು ಒತ್ತಾಯಪಡಿಸಿದರು. ಅರಳೆ ಬೆಳೆಯುವ ಧಾರವಾಡವು ಮುಂಬಯಿ ಇಲಾಖೆಯಲ್ಲಿಯೂ ಬಂದರವು ಮದರಾಸು ಇಲಾಖೆಯಲ್ಲಿಯೂ ಇದ್ದುದು ತೊಡಕಾಗಿತ್ತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ೧೮೬೪ರಲ್ಲಿ ಎದುರಿನ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭವು ಎದ್ದಿತು. ಘಟ್ಟದ ರಸ್ತೆಗಳು, ಕಲೆಕ್ಟರರ ಕಚೇರಿ, ನ್ಯಾಯಾಲಯ, ಬೈತಕೋಲದ ಬಂದರು ಇವುಗಳನ್ನು ಹಿಡಿದು ಹೊಸ ಪಟ್ಟಣವು ಬೆಳೆಯಿತು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಮನೆಗೆ ಅವರ ತಮ್ಮ ರವೀಂದ್ರನಾಥರು ಬಂದು ನಿಂತದ್ದೂ, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲಿ ಬರೆದದ್ದೂ ಸಾಹಿತ್ಯದ ಅಧ್ಯಾಪಕರಿಗೆ ತಿಳಿದ ಮಾತು.

ಆದರೆ ಅರಳೆಯ ಕನಸು ನೆರವೇರಲಿಲ್ಲ. ೧೮೬೫ರಲ್ಲಿ ಅಮೇರಿಕೆಯ ಯುದ್ಧವು ಮುಗಿಯಿತು. ಕಾರವಾರಕ್ಕೆ ರೈಲು ತರುವ ಯೋಜನೆಗಳು ಚರ್ಚೆಯಲ್ಲಿಯೇ ಉಳಿದವು. ೧೮೮೮ರಲ್ಲಿ ಮರ್ಮಗೋವೆಯ ರೈಲುಮಾರ್ಗವು ತೆರೆದು ಒಳನಾಡಿನ ವ್ಯಾಪಾರವು ಪೋರ್ತುಗೀಜರ ಬಂದರಕ್ಕೆ ಹರಿಯಿತು. ಕೊಂಕಣ ರೈಲ್ವೆಯು ಪೂರ್ತಿಯಾಗಿ ತೆರೆದದ್ದು ೧೯೯೮ರಲ್ಲಿ, ಎಂದರೆ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದ ನೂರಮೂವತ್ತಾರು ವರ್ಷಗಳ ಮೇಲೆ. ಅದೂ ಘಟ್ಟವನ್ನೇರದೆ ಕರಾವಳಿಯುದ್ದ ಓಡುವದು; ಅದರ ನಿಲ್ದಾಣವು ಊರ ನಡುವೆ ಬಾರದೆ ಶಿರವಾಡದಲ್ಲಿ ನಿಂತಿತು. ಹುಬ್ಬಳ್ಳಿ–ಅಂಕೋಲೆ ಮಾರ್ಗವು ಇಂದಿಗೂ ಆಗಿಲ್ಲ. ಹೀಗೆ ಕಾರವಾರವು ವ್ಯಾಪಾರದ ಪಟ್ಟಣವಾಗಹೊರಟು ಕಚೇರಿಯ ಪಟ್ಟಣವಾಗಿ ಉಳಿಯಿತು. ಹಳೆಯ ವಾಡಗಳು ಮುರಿಯದೆ, ತೋಟಗದ್ದೆಗಳ ನಡುವೆಯೇ ಬಹುಕಾಲ ಬಾಳಿದ್ದಕ್ಕೆ ಈ ಮಂದಗತಿಯೇ ಕಾರಣವಾಗಿದ್ದಿತು.

೪

ಅಂಕೋಲೆಯ ಮಾರ್ಗ ಬೇರೆ. ಅದಕ್ಕೆ ಕಚೇರಿಯ ವೈಭವವಿರಲಿಲ್ಲ. ಒಕ್ಕಲುತನ, ಮೀನುಗಾರಿಕೆ, ಸಂತೆ ಇವೇ ಅದರ ಆಧಾರ. ಸುತ್ತಲಿನ ಕೇರಿಗಳಿಂದ ಹಾಲಕ್ಕಿ ಹೆಂಗಸರು ಕಾಯಿಪಲ್ಲೆಯನ್ನು ಹೊತ್ತುತಂದು ಮಾರುವ ಸಂತೆಯು ಪಟ್ಟಣವನ್ನೂ ಹಳ್ಳಿಯನ್ನೂ ಹೊಲಿದ ದಾರವಾಗಿದೆ. ಇಲ್ಲಿಯ ಕರಿಈಶಾಡು ಮಾವಿಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮನೆಯ ಹಿತ್ತಿಲು ಉಳಿದಲ್ಲಿ ಮಾತ್ರ ಉಳಿಯಬಲ್ಲ ಬೆಳೆ ಅದು.

ನೆಲದ ಮೇಲಿನ ಈ ಜನರ ನಿಷ್ಠೆಯು ಸ್ವಾತಂತ್ರ್ಯದ ಹೋರಾಟದಲ್ಲಿ ಪರೀಕ್ಷೆಗೆ ಬಂದಿತು. ೧೯೩೦ರ ಎಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಮುಂದೆ ೧೯೩೨ರ ಕರನಿರಾಕರಣೆಯಲ್ಲಿ ಒಕ್ಕಲಿಗರು ಹೊಲಮನೆಗಳನ್ನೇ ಕಳೆದುಕೊಂಡರು. ೧೯೩೭ರ ತರುವಾಯ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಬಳಿಕ ಜಪ್ತಿಯಾದ ಭೂಮಿಗಳು ಮರಳಿ ಬಂದವು. ನೆಲವು ಹೋದರೂ ಮರಳಬಹುದೆಂಬ ಈ ಅನುಭವವನ್ನು ಮುಂದಿನ ಪ್ರಕರಣದೊಡನೆ ಹೋಲಿಸಿ ನೋಡತಕ್ಕದ್ದು.

೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕವಿ ದಿನಕರ ದೇಸಾಯಿಯವರು ೧೯೫೩ರಲ್ಲಿ ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್, ೧೯೬೬ರಲ್ಲಿ ತೆರೆದ ಗೋಖಲೆ ಸೆಂಟಿನರಿ ಕಾಲೇಜು ಇವುಗಳಿಂದ ಅಂಕೋಲೆಗೆ ವಿದ್ಯಾಕೇಂದ್ರವೆಂಬ ಎರಡನೆಯ ಗುರುತು ಬಂದಿತು. ಒಕ್ಕಲು ಮಕ್ಕಳು ಮಾಸ್ತರರಾಗಿ, ಗುಮಾಸ್ತರಾಗಿ ಕೇರಿಗೆ ಮರಳಿದರು; ಸೋಗೆಯ ಮನೆಗಳು ಹಂಚಿನವಾದವು. ಈ ಬೆಳವಣಿಗೆಯು ಒಳಗಿನಿಂದ ಬಂದದ್ದು. ಅದು ಕೇರಿಯನ್ನು ಬದಲಿಸಿತು, ಆದರೆ ಕೀಳಲಿಲ್ಲ.

೫

ಹೊರಗಿನಿಂದ ಬಂದ ಪರಿವರ್ತನೆಯ ಪರಮಾವಧಿಯು ನೌಕಾನೆಲೆಯದು. ೧೯೮೬ರ ಅಕ್ಟೋಬರ್ ೨೪ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲನ್ನಿಟ್ಟರು. ೨೦೦೫ರ ಮೇ ೩೧ರಂದು ‘ಕದಂಬ’ ನೌಕಾನೆಲೆಯು ಸೇವೆಗೆ ತೊಡಗಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಕಡಲತಡಿಯಲ್ಲಿ, ಬಿಣಗಾ, ಅರಗಾ, ಚೆಂಡಿಯಾ ಮೊದಲಾದ ಕಡೆಗಳಲ್ಲಿ, ಸುಮಾರು ಹನ್ನೊಂದು ಸಾವಿರ ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲಾಯಿತು. ಸುಮಾರು ನಾಲ್ಕು ಸಾವಿರ ಕುಟುಂಬಗಳು ನೆಲೆ ತಪ್ಪಿದವು. ಅವರಿಗೆ ತೋಡೂರು, ಮುದಗಾ, ಹಾರವಾಡ ಮೊದಲಾದೆಡೆ ಪುನರ್ವಸತಿಯ ಕಾಲೊನಿಗಳಾದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು. ದೇಶದ ರಕ್ಷಣೆಗೆ ಈ ನೆಲೆಯು ಎಷ್ಟು ಅಗತ್ಯವೆಂಬುದು ಇಲ್ಲಿ ವಿವಾದದ ವಿಷಯವಲ್ಲ. ವಸತಿಯ ರೂಪಕ್ಕೆ ಏನಾಯಿತೆಂಬುದೇ ವಿಚಾರ್ಯವಾದದ್ದು.

ಕೇರಿಗೂ ಕಾಲೊನಿಗೂ ಇರುವ ಭೇದವು ಕೇವಲ ಹೆಸರಿನದಲ್ಲ. ಕೇರಿಯ ಸ್ಥಾನವನ್ನು ನೆಲ ಮತ್ತು ಕಸಬು ನಿಶ್ಚಯಿಸುವವು: ಮೀನುಗಾರನ ಮನೆ ದೋಣಿ ಎಳೆಯುವ ಮರಳಿನ ಬಳಿ, ಒಕ್ಕಲಿಗನದು ಗದ್ದೆಯ ಅಂಚಿನಲ್ಲಿ. ಕಾಲೊನಿಯ ಸ್ಥಾನವನ್ನು ನಿಶ್ಚಯಿಸುವದು ಸರಕಾರಕ್ಕೆ ಭೂಮಿ ದೊರೆತ ಸ್ಥಳ. ಕೇರಿಯ ಮನೆಗಳನ್ನು ಬಾವಿ, ದೈವದ ಕಟ್ಟೆ, ಕಾಲುದಾರಿಗಳು ಕೂಡಿಸುವವು. ಕಾಲೊನಿಯ ಮನೆಗಳನ್ನು ಅಳತೆಯ ನಕಾಶೆಯು ಕೂಡಿಸುವದು. ಅಲ್ಲಿ ಮನೆಗೆ ಹಿತ್ತಿಲಿನ ಗುರುತಿಲ್ಲ, ನಿವೇಶನದ ಅಂಕೆಯಿದೆ. ಕಡಲಿಗೆ ದೂರವಾದ ಮೀನುಗಾರನೂ ಗದ್ದೆಯಿಲ್ಲದ ಒಕ್ಕಲಿಗನೂ ಅಲ್ಲಿ ನೆರೆಹೊರೆಯವರು.

ಆದರೂ ಹಳೆಯ ಕೇರಿಯನ್ನು ಸ್ವರ್ಗವೆಂದು ಬಗೆಯುವದು ಸಲ್ಲದು. ಕುಲಕ್ಕೊಂದು ಕೇರಿ ಎಂಬ ವ್ಯವಸ್ಥೆಯು ಆತ್ಮೀಯತೆಯನ್ನು ಹೇಗೆ ಬೆಳೆಸಿತೋ ಹಾಗೆಯೇ ಭೇದವನ್ನೂ ಬೆಳೆಸಿತು. ಕೆಲವರ ಕೇರಿಗಳಿಗೆ ಬಾವಿಯೂ ದಾರಿಯೂ ಬೇರೆಯಾಗಿದ್ದವೆಂಬುದನ್ನು ಮರೆಯಲಾಗದು. ಬೇರೆ ಬೇರೆ ಕುಲದವರು ಒಂದೇ ಸಾಲಿನಲ್ಲಿ ಮನೆ ಹೂಡುವದು ಒಂದು ಲಾಭವೇ ಸರಿ. ಆದರೆ ಆ ಲಾಭವು ನೆಲ ಕಸಬುಗಳ ನಷ್ಟವನ್ನು ತುಂಬಿಕೊಡಲಾರದು. ೧೯೩೨ರಲ್ಲಿ ಹೋದ ಭೂಮಿಯು ಮರಳಿತು; ೧೯೮೬ರ ಬಳಿಕ ಹೋದದ್ದು ಮರಳುವಂಥದಲ್ಲ.

ಹೆಸರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನೌಕಾನೆಲೆಗೆ ಬನವಾಸಿಯ ಪ್ರಾಚೀನ ರಾಜವಂಶದ ಹೆಸರು ಸಂದಿತು. ಇದು ಕನ್ನಡಿಗರಿಗೆ ಹರ್ಷದ ಸಂಗತಿ. ಆದರೆ ಅರಸರ ಹೆಸರು ಶಾಸನದಲ್ಲಿದೆ, ಅದು ಅಳಿಯುವದಿಲ್ಲ. ಗದ್ದೆಯ ಹೆಸರು, ಅಳಿವೆಯ ಹೆಸರು, ದೋಣಿಯ ತಂಗುದಾಣದ ಹೆಸರು ಜನರ ಬಾಯಲ್ಲಿ ಮಾತ್ರ ಇರುವವು. ನೆಲವನ್ನು ತುಳಿಯುವವರು ಇಲ್ಲವಾದರೆ ಒಂದು ತಲೆಮಾರಿನೊಳಗೆ ಅವು ಅಳಿಯುವವು.

೬

ಪರಿವರ್ತನೆಯು ನಿಂತಿಲ್ಲ. ಹೆದ್ದಾರಿಯು ಅಗಲವಾಗಿದೆ, ಹುಬ್ಬಳ್ಳಿಯಿಂದ ಇಳಿಯುವ ರಸ್ತೆಯು ಅಂಕೋಲೆಯಲ್ಲಿ ಅದನ್ನು ಕೂಡುವದರಿಂದ ಪಟ್ಟಣದ ಕೇಂದ್ರವು ಸಂತೆಯಿಂದ ಹೆದ್ದಾರಿಯ ಕಡೆಗೆ ಜರುಗುತ್ತಿದೆ. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜೀವಹಾನಿಯಾಯಿತು. ಅದೇ ವರ್ಷ ಆಗಸ್ಟ್ ೭ರಂದು ಕೋಡಿಬಾಗ–ಸದಾಶಿವಗಡಗಳನ್ನು ಕೂಡಿಸುವ ಹಳೆಯ ಕಾಳೀ ಸೇತುವೆಯು ಮುರಿದು ಬಿದ್ದಿತು. ಗುಡ್ಡ, ಹೊಳೆ, ಕಡಲುಗಳ ನಡುವಣ ಈ ಇಕ್ಕಟ್ಟಾದ ಪಟ್ಟಿಯು ಎಷ್ಟು ಭಾರವನ್ನು ಹೊರಬಲ್ಲದೆಂಬ ಪ್ರಶ್ನೆಯನ್ನು ಈ ಎರಡು ಘಟನೆಗಳೂ ಮುಂದಿಟ್ಟಿವೆ. ಅಲಗೇರಿಯ ಬಳಿ ವಿಮಾನ ನಿಲ್ದಾಣವು ಯೋಜಿತವಾಗಿದೆ. ಕೇಣಿಯಲ್ಲಿ ಹೊಸ ಬಂದರನ್ನು ಕಟ್ಟಲು ೨೦೨೩ರಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಗೆ ದೊರೆತಿದ್ದು, ಮೀನುಗಾರರು ಅದನ್ನು ವಿರೋಧಿಸಿರುವರು. ಬೊಬ್ರುವಾಡವು ಇವುಗಳ ನೆರೆಯಲ್ಲಿಯೇ ಇರುವದು.

ಮೇಲಿನ ವಿವೇಚನೆಯಿಂದ ಒಂದು ಸಂಗತಿಯು ಸಿದ್ಧವಾಗುವದು. ಈ ತಡಿಯ ಪಟ್ಟಣಗಳ ದೊಡ್ಡ ತಿರುವುಗಳು ಮ್ಯಾಂಚೆಸ್ಟರ್, ಮುಂಬಯಿ, ದಿಲ್ಲಿಗಳಲ್ಲಿ ನಿರ್ಣಯಿಸಲ್ಪಟ್ಟವು. ಅವುಗಳ ಫಲವನ್ನು ಉಂಡವರು ಕೇರಿಯವರು. ನಿರ್ಣಯಿಸಿದವರ ಕಾಗದಗಳು ದಫ್ತರಗಳಲ್ಲಿ ಸುರಕ್ಷಿತವಾಗಿವೆ. ಅನುಭವಿಸಿದವರ ದಫ್ತರವೆಂದರೆ ಅವರ ಹೆಸರುಗಳೇ. ಆದಕಾರಣ ಕೇರಿ, ವಾಡ, ಗದ್ದೆ, ಕೊಡ್ಲ, ಬಾವಿ, ಕಟ್ಟೆಗಳ ಹೆಸರುಗಳನ್ನು ಭೂಮಾಪನದ ನಕಾಶೆಯೊಡನೆ ಕೂಡಿಸಿ ಸಂಗ್ರಹಿಸುವ ಕಾರ್ಯವು ತ್ವರಿತವಾಗಿ ನಡೆಯಬೇಕಾದದ್ದು. ಎಲ್. ಆರ್. ಹೆಗಡೆಯವರಂಥ ವಿದ್ವಾಂಸರು ಇದೇ ಜಿಲ್ಲೆಯ ಹಾಲಕ್ಕಿಗಳ ಹಾಡುಗಳನ್ನು ಬಾಯಿಯಿಂದ ಬರೆದುಕೊಂಡು ಉಳಿಸಿದರು. ಸ್ಥಳನಾಮಗಳಿಗೂ ಅಂಥ ಶ್ರಮವು ಸಲ್ಲಬೇಕು. ಶಾಲೆಯ ಮಕ್ಕಳು ತಮ್ಮ ತಮ್ಮ ಕೇರಿಯ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಕನ್ನಡದ ಅಧ್ಯಾಪಕರು ಏರ್ಪಡಿಸಿದರೆ ಒಂದೆರಡು ವರ್ಷಗಳಲ್ಲಿಯೇ ಬೆಲೆಯುಳ್ಳ ಸಾಮಗ್ರಿಯು ಕೂಡುವದು. ಅದರಲ್ಲಿಯೂ ಪುನರ್ವಸತಿಯ ಕಾಲೊನಿಗಳಲ್ಲಿ ಮೊದಲು ಈ ಕೆಲಸವು ತೊಡಗಬೇಕು. ಏಕೆಂದರೆ ಅಲ್ಲಿಯ ವೃದ್ಧರು ನೆನೆಯುವ ನೆಲಕ್ಕೆ ಈಗ ಹೋಗಿ ನೋಡುವ ದಾರಿಯಿಲ್ಲ.